ಹತ್ತಿಯೊಳಗಿನ ಬಿಳಿ ದ್ರಾಕ್ಷಿ

ಕೊಣ್ಣೂರಿನ ಉದ್ದವ್ವ ಜ್ವರದಲ್ಲಿ ಮಲಗಿ, ಗಂಜಿಗೂ ಮುಖ ತಿರುಗಿಸುತ್ತಿದ್ದಳು. ಕೊನೆಗೊಮ್ಮೆ ಬಾಯಿಬಿಟ್ಟು ಕೇಳಿದ್ದು ಬಿಳಿ ದ್ರಾಕ್ಷಿ. “ಅದರ ರಸಾನರ ಹೊಟ್ಟಿಗೆ ಇಳಿದ್ರ ಉಳೀತಾಳ. ಇಲ್ಲಾಂದ್ರ ನನ್ನ ಕೈಯಾಗಿಲ್ಲ,” ಎಂದು ವೈದ್ಯರು ಎದ್ದು ಹೋದರು.

ಆಗ ಆ ಸೀಮೆಗೆ ಬಿಳಿ ದ್ರಾಕ್ಷಿ ರೈಲಿನಲ್ಲಿ ಬಂದರೆ ಬಂತು. ಮಗ ಮಾಯಪ್ಪ ಸ್ಟೇಶನ್ನಿಗೆ ಓಡಿ, ಪುಣೆಯ ವ್ಯಾಪಾರಿಯ ಕಾಲು ಹಿಡಿದು, ಹತ್ತಿಯಲ್ಲಿ ಹುದುಗಿಸಿಟ್ಟ ಹಣ್ಣಿನ ಒಂದು ಕಟ್ಟಿಗೆಯ ಡಬ್ಬಿ ತಂದ. ಡಬ್ಬಿ ಮನೆ ಸೇರುವ ಮೊದಲೇ ಸುದ್ದಿ ಓಣಿ ಸೇರಿತ್ತು. ರೋಗಿಯನ್ನು ನೋಡಲು ಬರುವವರಿಗೆ ಬರಬೇಡಿ ಎನ್ನುವುದುಂಟೆ? ಅದುವರೆಗೆ ಇತ್ತ ಸುಳಿಯದವರೂ ಬಂದರು.

“ಹತ್ಯಾಗ ಇಟ್ರ ಬೆವರತಾವೋ ತಮ್ಮಾ,” ಎಂದು ಬಾಜೂಮನೆಯ ಫಕೀರವ್ವ ಗೊಂಚಲನ್ನು ಒದ್ದೆ ಅರಿವೆಯಲ್ಲಿ ಸುತ್ತಿದಳು. ಸುತ್ತುವ ಮೊದಲು, ಕೆಟ್ಟಿದೆಯೋ ಏನೋ ಎಂದು ನಾಲ್ಕು ಬಾಯಿಗೆ ಹಾಕಿಕೊಂಡಳು. ಕಲ್ಲಪ್ಪ ಕಾಕಾ ಬಂದು ಅರಿವೆ ಬಿಚ್ಚಿದರು. “ನೀರ ತಾಗಿದ್ರ ಕೊಳೀತಾವ. ಜ್ವಾಳದಾಗ ಹುಗೀಬೇಕು.” ಕೊಳೆತಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಅವರಿಗೆ ಒಂದು ಹಿಡಿಯೇ ಬೇಕಾಯಿತು. ಹಿಂದಿನ ಮನೆಯ ಕಾಶೆವ್ವ ಅದನ್ನು ಜೋಳದಿಂದ ಹೊರತೆಗೆದು, “ಹುಳಿ ಇದ್ದವಕ್ಕ ಬೆಲ್ಲಾ ಹಾಕಿ ಗೊಜ್ಜ ಮಾಡ್ತೀನಿ,” ಎನ್ನುತ್ತ ಒಂದೊಂದೇ ತಿಂದು ನೋಡತೊಡಗಿದಳು. ಗೊಂಚಲು ಮುಗಿಯುತ್ತ ಬಂದರೂ ಅವಳಿಗೆ ಹುಳಿಯದು ಸಿಗಲಿಲ್ಲ.

ಮಾಯಪ್ಪನಿಗೆ ಅಳುವೇ ಬಂತು. “ಅವ್ವಗ ತಂದದ್ದರಿ ಅದು.”

ಒಳಗಿನಿಂದ ಉದ್ದವ್ವನ ಸಣ್ಣ ದನಿ ಬಂತು. “ಬಂದವ್ರಿಗೆ ಕೊಡೋ ಮಾಯಾ. ಬರೇ ಬಾಯಿಲೆ ಕಳಸಬ್ಯಾಡ.”

ಹಾಸಿಗೆ ಹಿಡಿದ ತಾಯಿಯ ಮಾತು ಮೀರುವುದು ಹೇಗೆ? ಮತ್ತೊಂದು ಸುತ್ತು ಹಂಚಿಕೆಯಾಯಿತು.

ಸಂಜೆಗೆ ಅವನು ಉಳಿದಷ್ಟನ್ನು ಕಸಿದುಕೊಂಡು, ಎಲ್ಲರನ್ನೂ ಹೊರಗೆ ಹಾಕಿ, ಬಾಗಿಲಿಗೆ ಅಗಳಿ ಜಡಿದು ಹಣ್ಣು ಹಿಂಡಿದ. ಬಟ್ಟಲ ತಳ ಮುಚ್ಚುವಷ್ಟು ರಸ ಬಂತು. ಅವ್ವನ ತಲೆ ಎತ್ತಿ ಹಿಡಿದು ತುಟಿಗೆ ತಂದ.

“ಎಲ್ಲಾರೂ ತಿಂದ್ರೇನು?”

“ತಿಂದ್ರವ್ವಾ. ಇದು ನಿಂದು.”

“ನೀ ತಿಂದಿಯೇನು?”

“ನನಗ್ಯಾಕ? ಕೇಳಿದಾಕಿ ನೀನು.”

ಉದ್ದವ್ವ ಬಟ್ಟಲನ್ನು ಅವನ ಕಡೆಗೇ ತಿರುಗಿಸಿದಳು. “ನಿನಗಂತನ ಕೇಳಿದ್ನೆಪಾ. ಸಣ್ಣಾಂವ ಇದ್ದಾಗ ಗೋಕಾಕ ಸಂತ್ಯಾಗ ಇದಕ್ಕ ಅತ್ತಿದ್ದಿ. ಬೆನ್ನಿಗೆ ಎರಡು ಕೊಟ್ಟು ಎಳಕೊಂಡ ಬಂದಿದ್ದೆ. ಅದೊಂದು ಎದಿಯಾಗ ಉಳದಿತ್ತು. ಕುಡಿ.”

ಅವನು ಒಲ್ಲೆನೆಂದ. ಅವಳ ಕಣ್ಣು ತುಂಬಿದವು. ಅದನ್ನು ನೋಡಲಾರದೆ ಒಂದೇ ಗುಟುಕಿಗೆ ಕುಡಿದುಬಿಟ್ಟ.

ಉದ್ದವ್ವನ ಮುಖ ಅರಳಿತು. “ಇನ್ನ ಯಾವ ಆಸೀನೂ ಇಲ್ಲಪಾ,” ಎಂದು ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿದಳು.

ಮಾಯಪ್ಪ ಬರಿ ಬಟ್ಟಲು ಹಿಡಿದು ಕುಳಿತ. ಹೊರಗೆ ಫಕೀರವ್ವ ಬಾಗಿಲು ಬಡಿಯುತ್ತಿದ್ದಳು. “ಹಿಂಡಿದ ಸಿಪ್ಪಿ ಚೆಲ್ಲಬ್ಯಾಡೋ ತಮ್ಮಾ, ಚಟ್ನಿಗೆ ಬರತೈತಿ.”