ಗಾಡಿಗೆ ಹಾಕಿರಿ

ಮುಚ್ಚಳವಿರುವ ಯಾವ ವಸ್ತುವನ್ನು ಕಂಡರೂ ನನ್ನ ಕೈ ಸುಮ್ಮನಿರುವುದಿಲ್ಲ. ಒಳಗೇನಿದೆ ಎಂದು ನೋಡಲೇಬೇಕು. ಈ ಚಟಕ್ಕೆ ನಮ್ಮ ಮನೆಯ ಮಿಕ್ಸರು, ಗೋಡೆ ಗಡಿಯಾರ, ನೆರೆಮನೆಯವರ ಇಸ್ತ್ರಿ ಪೆಟ್ಟಿಗೆ ಬಲಿಯಾಗಿವೆ. ಬಿಚ್ಚುವುದು ನನಗೆ ಚೆನ್ನಾಗಿ ಬರುತ್ತದೆ. ತಿರುಗಿ ಜೋಡಿಸಿದಾಗ ಮಾತ್ರ ಒಂದೆರಡು ಸ್ಕ್ರೂ ಕೈಯಲ್ಲೇ ಉಳಿಯುತ್ತವೆ. ಹೀಗಿರುವಾಗ, ಮುಕ್ತ ತಂತ್ರಾಂಶ ಎಂಬುದೊಂದಿದೆ, ಅದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಬೇಕಾದಂತೆ ತಿದ್ದಿಕೊಳ್ಳಬಹುದು, ಬೈಯುವವರಿಲ್ಲ ಎಂದು ತಿಳಿದಾಗ ಗೋಕಾಕದ ಈ ಕನ್ನಡ ಮಾಸ್ತರನಿಗೆ ಆದ ಸಂತೋಷವನ್ನು ಏನೆಂದು ಹೇಳಲಿ. ಬಿಚ್ಚಲು ಒಂದು ನೆಪ ಬೇಕಿತ್ತು. ಅದು ಮನೆಯಲ್ಲೇ ಇತ್ತು.

ನನ್ನ ಹೆಂಡತಿ ಗಿರಿಜಾ ಖಡಕ್ ರೊಟ್ಟಿಯ ವ್ಯಾಪಾರ ಮಾಡುತ್ತಾಳೆ. ಓಣಿಯ ಇಬ್ಬರು ಹೆಂಗಸರ ಜೊತೆ ಹಿತ್ತಲ ಶೆಡ್ಡಿನಲ್ಲಿ ಜೋಳದ ರೊಟ್ಟಿ ಬಡಿದು, ಒಣಗಿಸಿ, ಶೇಂಗಾ ಚಟ್ನಿಯ ಸಮೇತ ಕಟ್ಟಿ ಕೊಡುತ್ತಾಳೆ. ಕೊಣ್ಣೂರ, ಮಮದಾಪುರದ ಕಡೆ ಯಾರ ಮನೆಯಲ್ಲಿ ಕಾರ್ಯವಿದ್ದರೂ ಅವಳಿಗೆ ಫೋನು ಬರುತ್ತದೆ. ಹೇಳಿದ ದಿನ ರೊಟ್ಟಿ ತಪ್ಪಿಸಿದವಳಲ್ಲ ಎಂಬ ಹೆಸರೇ ಅವಳ ಬಂಡವಾಳ. “ನಿನಗೊಂದು ವೆಬ್‌ಸೈಟ್ ಬೇಕು” ಎಂದೆ. “ಫೋನ್ ಐತಲ್ರಿ” ಎಂದಳು. ಫೋನಿಗೆ ಮುಚ್ಚಳವಿಲ್ಲ ಎಂದು ಅವಳಿಗೆ ಹೇಗೆ ತಿಳಿಸುವುದು?

ಬೇಸಿಗೆ ರಜೆಯಲ್ಲಿ ಕೂತುಬಿಟ್ಟೆ. ಮುಕ್ತ ತಂತ್ರಾಂಶದಲ್ಲಿ ಸಿದ್ಧವಾದ ಪುಟಗಳೇ ಸಿಗುತ್ತವೆ, ಬಾಡಿಗೆ ಮನೆಗೆ ಹೋದಂತೆ ಹೊಕ್ಕರಾಯಿತು. ಹಿಂದಿನವರ ಸಾಮಾನು ಹೊರಗೆ ಹಾಕಬೇಕು ಅಷ್ಟೇ. ಜಾಗ ತುಂಬಿಸಲು ಇಟ್ಟಿದ್ದ ಅರ್ಥವಿಲ್ಲದ ಪರಭಾಷೆಯ ಸಾಲುಗಳು ಮಂತ್ರದಂತೆ ಗಂಭೀರವಾಗಿ ಕಂಡದ್ದರಿಂದ ಕೆಲವು ದಿನ ತೆಗೆಯಲಿಲ್ಲ. ಮೊದಲ ಪುಟದಲ್ಲಿ ಬಿಳಿ ಅಂಗಿಯ ವಿದೇಶಿ ಹೆಂಗಸೊಬ್ಬಳು ನಗುತ್ತಿದ್ದಳು. ಗಿರಿಜಾ ಕೈಯ ಹಿಟ್ಟು ಒರೆಸಿಕೊಂಡು ಬಂದು ನೋಡಿದಳು. “ಈ ಹೆಣ್ಮಗಳು ಯಾರ್ರಿ? ನಮ್ಮ ರೊಟ್ಟಿ ಈಕಿ ಬಡೀತಾಳೇನು?” ಆ ಹೆಂಗಸನ್ನು ತೆಗೆದೆ. ಪುಟವೆಲ್ಲ ಒಂದು ಬದಿಗೆ ಸರಿಯಿತು. ಅದನ್ನು ನೆಟ್ಟಗೆ ಮಾಡುವಷ್ಟರಲ್ಲಿ ರಜೆಯೇ ಮುಗಿಯುತ್ತ ಬಂತು.

ಆದರೆ ಒಂದು ಮಧ್ಯಾಹ್ನ, ಎಲ್ಲೋ ಒಂದು ಕಡೆ ‘ಕನ್ನಡ’ ಎಂದಿರುವುದನ್ನು ಕಂಡು ಒತ್ತಿದೆ. ಇಡೀ ತಾಣ ಕನ್ನಡವಾಯಿತು. ಹುಡುಕು, ಉಳಿಸು, ಅಳಿಸು, ಹಿಂದೆ ಹೋಗು. ಇವನ್ನೆಲ್ಲ ಯಾರು ಬರೆದರು? ವಿಚಾರಿಸಿದರೆ, ಯಾವ ಊರಿನವರೋ ಏನೋ, ಬಿಡುವಿನಲ್ಲಿ ಕೂತು ತಾವಾಗಿಯೇ ಅನುವಾದ ಮಾಡಿಟ್ಟಿದ್ದಾರಂತೆ. ಪಗಾರವಿಲ್ಲ, ಹಾರ ತುರಾಯಿ ಇಲ್ಲ. ನನಗೆ ನಿಜಕ್ಕೂ ಕಣ್ಣು ತುಂಬಿತು. ಅವರನ್ನು ಕಂಡು ಒಂದು ಕಪ್ ಚಹಾ ಕುಡಿಸಬೇಕೆನಿಸಿತು. ನಾನೂ ಈ ಸೇವೆಯಲ್ಲಿ ಕೈ ಹಾಕಬೇಕಲ್ಲವೇ? ಪ್ರತಿ ರೊಟ್ಟಿ ಕಟ್ಟಿನ ಕೆಳಗಿದ್ದ ಒಂದು ಗುಂಡಿಯ ಮೇಲೆ ‘ಕಾರ್ಟ್‌ಗೆ ಸೇರಿಸಿ’ ಎಂದಿತ್ತು. ಕಾರ್ಟ್ ಎಂದರೇನು, ಗಾಡಿ. ಕನ್ನಡ ಮಾಸ್ತರನ ಮನೆಯಲ್ಲಿ ಕಾರ್ಟೇಕೆ? ‘ಗಾಡಿಗೆ ಹಾಕಿರಿ’ ಎಂದು ತಿದ್ದಿದೆ. ಒತ್ತಿದ ಮೇಲೆ ಹಸಿರು ಗುರುತಿನೊಡನೆ ಕಾಣುವ ಮಾತನ್ನೂ ತಿದ್ದಿದೆ: ‘ನಿಮ್ಮ ರೊಟ್ಟಿಗಳನ್ನು ಗಾಡಿಗೆ ಹಾಕಲಾಗಿದೆ.’ ಅಂದು ಊಟ ರುಚಿಸಿತು.

ಒಂದು ಶನಿವಾರ ಸಾಲೆ ಬಿಟ್ಟು ಬಂದು ಅಂಗಿ ಕಳಚುತ್ತಿದ್ದೆ. ಫೋನು ಬಂತು. ಆ ಕಡೆಯವರು ಮೂಡಲಗಿಯ ಮಲ್ಲಪ್ಪ ಎಂಬ ಹಿರಿಯರು.

“ಸರ್ರ, ಗೋಕಾಕ ಗಾಡಿ ಬಂದಂಗೆಲ್ಲ ಕೇಳಾಕತ್ತೇನಿ, ಯಾರೂ ಗಂಟು ಕೊಡವಲ್ಲರು. ಯಾವ ಗಾಡಿಗೆ ಹಾಕೀರಿ?”

“ಏನನ್ನ ಕಾಕಾರ?”

“ರೊಟ್ಟಿರಿ. ಮುಂಜಾನಿ ನಿಮ್ಮ ವೆಬ್‌ಸೈಟಿನಾಗ ಒತ್ತೇನಿ. ಗಾಡಿಗೆ ಹಾಕೇವಿ ಅಂತ ತಾನ ಹೇಳೈತಿ, ಹಸರ ಟಿಕ್ಕೂ ಹೊಡದೈತಿ. ಅವಾಗಿಂದ ಸ್ಟ್ಯಾಂಡಿನಾಗ ನಿಂತೇನಿ. ನಾಳಿ ಬಸುರಿ ಮಗಳ ಕುಬಸದ ಕಾರ್ಯ ಐತಿ, ಬೀಗರು ಬರತಾರ.”

ಕಳಚಿದ ಅಂಗಿಯನ್ನು ಮತ್ತೆ ತೊಟ್ಟೆ. ನಮ್ಮ ಕಡೆ ಉರುಳುವುದೆಲ್ಲ ಗಾಡಿಯೇ. ಬಸ್ಸೂ ಗಾಡಿ, ಟೆಂಪೊವೂ ಗಾಡಿ. ‘ಗಾಡಿಗೆ ಹಾಕ್ರಿ’ ಎಂದರೆ ಗಂಟು ಕಟ್ಟಿ ಬಸ್ಸಿನವರ ಕೈಗೆ ಕೊಡಿ, ನಾವು ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳುತ್ತೇವೆ ಎಂದರ್ಥ. ಹುಟ್ಟಿದಾಗಿನಿಂದ ಈ ಮಾತು ಆಡುತ್ತ ಬಂದ ನನಗೆ, ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ಅದು ನೆನಪಾಗಿರಲಿಲ್ಲ. ಆ ಗುಂಡಿಯ ನಂತರ ವಿಳಾಸ ಬರೆದು ಮುಗಿಸಿದರೆ ಮಾತ್ರ ಆರ್ಡರು ನಮಗೆ ಮುಟ್ಟುತ್ತಿತ್ತು. ಮಲ್ಲಪ್ಪನವರ ರೊಟ್ಟಿ ಗಾಡಿಯಲ್ಲೂ ಇರಲಿಲ್ಲ, ಗಿರಿಜಾಳ ಗಮನದಲ್ಲೂ ಇರಲಿಲ್ಲ.

ಅವಳಿಗೆ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಮಾರನೆಯ ದಿನ ಹುಕ್ಕೇರಿಗೆ ಹೋಗಬೇಕಿದ್ದ ರೊಟ್ಟಿಯನ್ನು ಮಲ್ಲಪ್ಪನವರಿಗೆಂದು ಬೇರೆ ಬಟ್ಟೆಯಲ್ಲಿ ಕಟ್ಟಿ, ಹುಕ್ಕೇರಿಯವರಿಗೆ ಹೊಸದಾಗಿ ಬಡಿಯಲು ಆ ಹೆಂಗಸರಿಬ್ಬರನ್ನೂ ಮತ್ತೆ ಕರೆಸಿ, ಒಲೆ ಹಚ್ಚಿದಳು. “ಇಷ್ಟು ವರ್ಷದಾಗ ಒಬ್ಬರನ್ನೂ ಹಿಂಗ ನಿಲ್ಲಿಸಿಲ್ಲ ನಾ” ಎನ್ನುತ್ತ ಹಿಟ್ಟು ನಾದಲು ಕೂತಳು. ಗಂಟನ್ನು ನನ್ನ ಸ್ಕೂಟರಿಗೆ ಬಿಗಿದಳು. ನಾಗನೂರದವರೆಗೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಧೂಳು ತಿನ್ನುತ್ತ, ಒಂದು ರೊಟ್ಟಿಯೂ ಮುರಿಯದಿರಲಿ ಎಂದು ರಸ್ತೆಯ ಗುಂಡಿಗುಂಡಿಗೂ ಬೇಡಿಕೊಳ್ಳುತ್ತ ಹೋದೆ. ಮೂಡಲಗಿ ಸ್ಟ್ಯಾಂಡಿನಲ್ಲಿ ಮಲ್ಲಪ್ಪ ಗಂಟು ಇಳಿಸಿಕೊಂಡು, ನನ್ನನ್ನೂ ಸ್ಕೂಟರನ್ನೂ ಮೇಲೆ ಕೆಳಗೆ ನೋಡಿ, “ಭಾಳ ಸಣ್ಣ ಗಾಡಿಗೆ ಹಾಕ್ಯಾರ, ಅದಕ್ಕ ತಡಾ ಆಗೈತಿ” ಎಂದು ಸಮಾಧಾನ ಪಟ್ಟುಕೊಂಡರು. ನಾನು ಹೌದೆಂದೆ.

ಮನೆಗೆ ಬಂದವನೇ ‘ಬುಟ್ಟಿಗೆ ಹಾಕಿರಿ’ ಎಂದು ತಿದ್ದಲು ಕೂತೆ. ಗಿರಿಜಾ ತಡೆದಳು. “ಅದನ್ನ ಮುಟ್ಟಬ್ಯಾಡ್ರಿ. ಅದರಾಗ ಮಂದಿಗೆ ತಿಳಿಯೂ ಮಾತು ಅದೊಂದ ಐತಿ. ಅವರು ಒತ್ತಲಿ, ನೀವು ಗಾಡಿಗೆ ಹಾಕ್ರಿ.” ಈಗ ಗುಂಡಿ ಒತ್ತಿದವರು ಯಾವ ಊರ ಗಾಡಿಗೆ ಹಾಕಬೇಕೆಂದು ಫೋನು ಮಾಡಿಯೂ ಹೇಳುತ್ತಾರೆ. ಅಂದಿನಿಂದ ನಾನು ಸಾಲೆಗೆ ಹೋಗುವ ಮೊದಲು ಗಂಟು ಹೊತ್ತು ಗೋಕಾಕ ಸ್ಟ್ಯಾಂಡಿಗೆ ಹೋಗುತ್ತೇನೆ. ನಾನು ಕಷ್ಟಪಟ್ಟು ಮಾಡಿದ ವಿಳಾಸದ ಪುಟ, ನಿಯಮಗಳ ಪುಟಗಳಿಗೆ ಈವರೆಗೆ ಯಾರೂ ಕಾಲಿಟ್ಟಿಲ್ಲ. ವ್ಯಾಪಾರ ಮಾತ್ರ ಬೆಳೆದಿದೆ, ಅದನ್ನು ನಾನು ಎಲ್ಲರ ಮುಂದೆ ಹೇಳಿಕೊಳ್ಳುತ್ತೇನೆ.

ಮೊನ್ನೆ ಜ್ವರ ಬಂದು ಹೊದ್ದು ಮಲಗಿದ್ದೆ. ಹುಕ್ಕೇರಿಯ ಗಿರಾಕಿಯೊಬ್ಬರು ಫೋನು ಮಾಡಿದ್ದರು. ಗಿರಿಜಾ ಅವರಿಗೆ ಹೇಳುತ್ತಿದ್ದುದು ಪಡಸಾಲೆಯಿಂದ ಕೇಳಿಸಿತು: “ಚಿಂತಿ ಮಾಡಬ್ಯಾಡ್ರಿ, ಇವತ್ತ ನಾನ ಗಾಡಿಗೆ ಹಾಕತೇನಿ. ವೆಬ್‌ಸೈಟಿಗೆ ಆರಾಮಿಲ್ರಿ, ಗಂಜಿ ಕುಡದು ಮಲಗೈತಿ.”