ಹಂದಿ ಬೇಟೆಗೆ ಇಬ್ಬರು ಜಟ್ಟೆಪ್ಪ

ಮೊದಲೇ ಹೇಳಿಬಿಡುತ್ತೇನೆ: ಈ ಪ್ರಕರಣದಲ್ಲಿ ಹಂದಿಗಳ ತಪ್ಪು ಏನೂ ಇಲ್ಲ. ಅವು ಬಂದವು, ಉಂಡವು, ಹೋದವು. ಮರ್ಯಾದಸ್ಥ ಬೀಗರು ಮಾಡುವುದೂ ಅಷ್ಟೇ. ತಪ್ಪೆಲ್ಲ ನನ್ನ ಗಂಟಲಿನದು.

ಸೋಲಾಪುರದಲ್ಲಿ ಆ ಗಂಟಲಿಗೆ ದೊಡ್ಡ ಹೆಸರಿತ್ತು. ಗಿರಣಿಯ ಭೋಂಗಾ ಕೂಗುವ ಮೊದಲೇ ನಾನು ಕೂಗಿ, ನಮ್ಮ ಓಣಿಯ ಅರ್ಧ ಜನರನ್ನು ಬುತ್ತಿ ಸಮೇತ ಓಡಿಸಿದ್ದುಂಟು. ನಮ್ಮ ಮರಾಠಿ ಮಾಸ್ತರರ ಸೀನನ್ನು ಅವರಿಗಿಂತ ಚೆನ್ನಾಗಿ ನಾನೇ ಸೀನುತ್ತಿದ್ದೆ. ಅಪ್ಪನ ಕೆಮ್ಮು ಕೆಮ್ಮಿ ಅವ್ವನನ್ನು ಒಲೆಯ ಮುಂದಿನಿಂದ ಎಬ್ಬಿಸುತ್ತಿದ್ದೆ. ನನ್ನದೇ ಆದ ದನಿ ಒಂದಿತ್ತೋ ಇಲ್ಲವೋ, ಅದರ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ನನಗೂ ಕೂಡ.

ಆ ಚಳಿಗಾಲದಲ್ಲಿ ನಾಗಣಸೂರ ಕಡೆಯಿಂದ ನಮ್ಮ ಸೋದರತ್ತೆ ಗೌರವ್ವನ ಮಗ ಬಸಣ್ಣ ಬಂದ. ಮುಖ ಬಾಡಿತ್ತು.

"ಹಳ್ಳದ ಕಂಟ್ಯಾಗಿಂದ ಹಂದಿ ಬರಾಕತ್ತಾವಪಾ ಸಿದ್ಯಾ. ಜ್ವಾಳ ಈಗ ಹಾಲುಗಾಳಾಗೇದ. ಒಂದು ಮೂಲಿ ಆಗಲೇ ಸಾಫ್ ಮಾಡ್ಯಾವ. ಅವ್ವ ಸರಿಯಾಗಿ ಉಣ್ಣೂದೂ ಬಿಟ್ಟಾಳ."

ಬಿಡದೆ ಏನು? ಮಾವ ತೀರಿಕೊಂಡ ಮೇಲೆ ಅತ್ತೆಗೆ ಉಳಿದದ್ದು ಆ ಒಂದೇ ಹೊಲ. ಅವರ ಮನೆಯ ವರ್ಷದ ರೊಟ್ಟಿಯೆಲ್ಲ ಅಲ್ಲಿಯೇ ತೆನೆಯಾಗಿ ನಿಂತಿತ್ತು.

"ಜಟ್ಟೆಪ್ಪ ಕಾಕಾನ್ನ ಶಿಕಾರಿಗೆ ಗೊತ್ತು ಮಾಡೇವಿ. ಮಂದಿ ಕಮ್ಮಿ ಬೀಳ್ತಾರ. ಬರ್ತೀ ಏನು?"

"ನಾ ಬಂದ್ರ ಆಯ್ತು ಬಿಡೋ. ಕರದ್ರ ಹಂದಿ ತಾವ ಬಂದು ಈಟಿಗೆ ಚುಚ್ಚಿಕೋತಾವ!" ಎಂದು ಅಲ್ಲೇ ಒಂದು ಸಲ ಗುರುಗುಟ್ಟಿ ತೋರಿಸಿದೆ. ಪಕ್ಕದ ಮನೆಯ ನಾಯಿ ಎದ್ದು ನಿಂತಿತು. ಬಸಣ್ಣನಿಗೂ ವಿಶ್ವಾಸ ಬಂತು. ಇಂಥ ವಿಶ್ವಾಸದಿಂದಲೇ ಮನೆಗಳು ಹಾಳಾಗುವುದು.

ಮೋಟಾರಿನಲ್ಲಿ ಕುಂಭಾರಿ ದಾಟಿ ಅಕ್ಕಲಕೋಟೆ, ಅಲ್ಲಿಂದ ಎತ್ತಿನ ಗಾಡಿ. ಹೊಲ ಮುಟ್ಟಿದಾಗ ಹೊತ್ತು ಮುಳುಗುವುದರಲ್ಲಿತ್ತು.

ಜಟ್ಟೆಪ್ಪನನ್ನು ಕಂಡ ಕೂಡಲೇ ನನ್ನ ಗಂಟಲು ತುರಿಸಿತು. ಈತ ಹಿಂದೆ ಸಂಸ್ಥಾನದ ಬೇಟೆಗಳಲ್ಲಿ ನೀರಿನ ಚೀಲ ಹೊರುತ್ತಿದ್ದವನು. ಚೀಲ ಬಿಟ್ಟ ಮೇಲೆ ಮೀಸೆ ಬಿಟ್ಟ. ಮೀಸೆ ಬೆಳೆದಂತೆ ಅವನು ಹೊಡೆದ ಹಂದಿಗಳೂ ಬೆಳೆದವು, ಈಚೆಗೆ ಎಮ್ಮೆಯಷ್ಟಾಗಿದ್ದವು. ಯಾವ ಮಾತಿಗೂ ಮೊದಲು ಗಂಟಲು ಕೆರೆದು "ಹೂಂ... ನೋಡ್ರಿಪಾ" ಅನ್ನಬೇಕು, ಮುಗಿಸುವಾಗ "ಸಮಝಾ?" ಅನ್ನಬೇಕು. ಇಂಥ ದನಿ ನನ್ನಂಥವನ ಎದುರು ತಿರುಗಾಡಬಾರದು.

"ಹೂಂ... ನೋಡ್ರಿಪಾ. ನಾಯಿ, ಈಟಿ, ಮಂದಿ ಎಲ್ಲಾ ಬೇಲಿ ಸಂದಿನ್ಯಾಗ. ನಾ ಅಟ್ಟದ ಮ್ಯಾಲ. ಹಂದಿ ಹಳ್ಳ ಏರಿದ ಕೂಡ್ಲೆ 'ಬಿಡ್ರಿ' ಅಂತೀನಿ. ನನ್ನ ದನಿ ಬರೂತನಕ ಯಾರೂ ಮಿಸುಕಬಾರದು. ಬಂದ ಮ್ಯಾಲೆ ಯಾರೂ ನಿಲ್ಲಬಾರದು. ಸಮಝಾ?"

ಹಂದಿ ಬೆದರಿಸುವ ತಗಡಿನ ಡಬ್ಬಿ ಬಾರಿಸುವ ಕೆಲಸಕ್ಕೆ ನನ್ನನ್ನು ಕಾವಲಿನ ಅಟ್ಟದ ಮೇಲೆ ತನ್ನ ಪಕ್ಕದಲ್ಲೇ ಕೂಡಿಸಿಕೊಂಡ. ಈ ಏರ್ಪಾಟು ಅವನದೇ, ನನ್ನದಲ್ಲ. ದಾಖಲಾಗಿರಲಿ.

ಆದರೆ ಬೇಟೆಗಿಂತ ಮೊದಲು ಸೀತನಿ. ನಮ್ಮ ಕಡೆ ಹಾಲುಗಾಳಿನ ಕಾಲಕ್ಕೆ ಹೊಲದಲ್ಲಿ ಕಾಲಿಟ್ಟವರಿಗೆ ಎಳೆ ತೆನೆ ಸುಟ್ಟು, ಕಾಳು ತಿಕ್ಕಿ ಕೊಡದೆ ಕಳಿಸುವುದು ಬಹಳ ಅವಮಾನ. ಹೀಗಾಗಿ ಜೋಳ ಉಳಿಸಲು ಬಂದವರಿಗಾಗಿ ಮೊದಲು ಜೋಳ ಮುರಿಯುವುದಾಯಿತು! ಅತ್ತೆಯೇ ಒಂದೊಂದು ತೆನೆ ಹುಡುಕಿ ಹುಡುಕಿ ಮುರಿದಳು.

"ತಿನ್ರೆಪಾ, ನಾಚಬ್ಯಾಡ್ರಿ. ಹಂದಿಗೆ ಹೋಗೂದಕಿಂತ ನಿಮ್ಮ ಹೊಟ್ಟಿಗೆ ಹೋದ್ರ ಪುಣ್ಯಾ ಆದ್ರೂ ಬರ್ತದ."

ಯಾರೂ ನಾಚಲಿಲ್ಲ. ಶೇಂಗಾ ಚಟ್ನಿ, ಬೆಲ್ಲ, ಬಿಸಿ ಸೀತನಿ! ಜಟ್ಟೆಪ್ಪ ತಿಂದದ್ದನ್ನು ಹಂದಿಗಳೇನಾದರೂ ನೋಡಿದ್ದರೆ ನಾಚಿ ಊರು ಬಿಡುತ್ತಿದ್ದವು.

ಅತ್ತೆ ಮನೆಗೆ ಹೋದಳು. ಕತ್ತಲಾಯಿತು. ಅಟ್ಟದ ಮೇಲೆ ಶಿಕಾರಿಗಳ ಶಿಕಾರಿ ಜಟ್ಟೆಪ್ಪನವರು ಹೊಟ್ಟೆಯ ಮೇಲೆ ಕೈಯಿಟ್ಟು ನಿದ್ದೆಹೋದರು. ಬೇಲಿಯ ಹತ್ತಿರ ಬೀಡಿಯ ಕೆಂಪು ಚುಕ್ಕೆಗಳು ಮಿನುಗುತ್ತಿದ್ದವು. ನಾನು ಸುಮ್ಮನೆ ಕೂತಿದ್ದೆ. ನಾನು ಸುಮ್ಮನೆ ಕೂಡುವುದು ಎಲ್ಲರಿಗೂ ಅಪಾಯ.

"ಹೂಂ... ನೋಡ್ರಿಪಾ. ಬೀಡಿ ಆರಸ್ರಿ. ಸಮಝಾ?"

ಚುಕ್ಕೆಗಳೆಲ್ಲ ಒಮ್ಮೆಲೇ ಆರಿದವು. ಆಹಾ! ಅಧಿಕಾರದ ರುಚಿ ಸೀತನಿಗಿಂತ ಸವಿ!

"ಹೂಂ... ನೋಡ್ರಿಪಾ. ಎಲ್ಲಾರೂ ಎಡಕ್ಕ ಸರೀರಿ."

ಸರಸರ ಸದ್ದಾಯಿತು. ಸರಿದರು.

"ಹೂಂ... ನೋಡ್ರಿಪಾ. ಈಗ ಕಿವಿ ಹಿಡಕೊಂಡು ನಿಲ್ರಿ."

"ಕಿವಿ ಯಾಕ್ರೀ ಕಾಕಾ?" ಬಸಣ್ಣನ ಸಂಶಯದ ದನಿ. ನನಗೆ ನಗು ತಡೆಯಲಾಗಲಿಲ್ಲ.

"ಲೇ ಸಿದ್ಯಾ! ನೀ ಏನೋ ಮಗನ! ಇನ್ನ ಎಷ್ಟರ ಒದರು, ಒಬ್ಬರೂ ಮಿಸುಕಂಗಿಲ್ಲ ನಾವು!"

ಬೇಲಿಯುದ್ದಕ್ಕೂ ನಗೆ ಹರಿಯಿತು. ಆ ನಗೆಯನ್ನು ನಾನು ಬಿರುದಿನಂತೆ ಸ್ವೀಕರಿಸಿದೆ.

ಆಮೇಲೆ ಹಳ್ಳದ ಕಡೆಯಿಂದ ಕಟ್... ಕಟ್... ಎಂದು ದಂಟು ಮುರಿಯುವ ಸದ್ದು. ಜಟ್ಟೆಪ್ಪನ ಪಕ್ಕೆಗೆ ತಿವಿದೆ. ಅವನು ಧಡಕ್ಕನೆ ಎದ್ದ.

"ಹೂಂ... ನೋಡ್ರಿಪಾ! ಬಿಡ್ರಿ! ನಾಯಿ ಬಿಡ್ರಿ!"

ಯಾರೂ ಬಿಡಲಿಲ್ಲ.

"ಈ ಸಲ ಬರೋಬ್ಬರಿ ಬಂತ ನೋಡ," ಎಂದ ಬೇಲಿಯ ಹತ್ತಿರ ಒಬ್ಬ.

"ಲೇ ಹಲ್ಕಟ್ಟುಗಳ್ಯಾ! ಬಿಡ್ರೋ! ಜ್ವಾಳ ಹೋತು!"

"ಬೈಗಳಾನೂ ಥೇಟ್ ಕಾಕಾಂದ! ಶಾಬಾಸ್ ಸಿದ್ಯಾ!" ಎಂದ ಬಸಣ್ಣ.

ಜಟ್ಟೆಪ್ಪ ಏನೂ ತಿಳಿಯದೆ ನನ್ನತ್ತ ನೋಡಿದ. ನಾನು ಅಟ್ಟದ ಮೇಲೆ ಎದ್ದು ನಿಂತು, ಇದ್ದಬದ್ದ ಶಕ್ತಿಯಿಂದ ಕೂಗಿದೆ. "ಬಸಣ್ಣಾ! ನಾನಲ್ಲೋ! ಖರೇನ ಕಾಕಾ ಒದರಾಕತ್ತಾನ! ಹಂದಿ ಬಂದಾವೋ!"

ಈಗ ನಂಬಿದರು ಎಂದುಕೊಂಡೆ.

"ಅರೇ ವಾ!" ಎಂದ ಬಸಣ್ಣ. "ಈಗ ಕಾಕಾನೂ ಸಿದ್ಯಾನ ದನಿ ತಗದಾನ!"

ನಗೆಯೋ ನಗೆ. ಅದರ ನಡುವೆ ಕಟ್, ಕಟ್ ನಡೆದೇ ಇತ್ತು. ಹುಟ್ಟಿದಾಗಿನಿಂದ ಮೊದಲ ಸಲ ನನ್ನ ಸ್ವಂತ ದನಿಯಲ್ಲಿ ಒಂದು ನಿಜ ಹೇಳಿದ್ದೆ. ಕೂಡಿ ಆಡಿ ಬೆಳೆದವನಿಗೇ ಅದರ ಗುರುತು ಸಿಗಲಿಲ್ಲ.

ಗಡಿಬಿಡಿಯಲ್ಲಿ ಡಬ್ಬಿಯನ್ನು ಒದ್ದೆ. ಅದು ಢಣಢಣ ಎಂದು ಕೆಳಗೆ ಬಿತ್ತು. ಹಂದಿಗಳು ಬೆದರಿ ಹೊಲದ ನಟ್ಟನಡುವೆ ನುಗ್ಗಿದವು. ಮನುಷ್ಯರ ನಕಲಿ ಅಸಲಿ ಗೊಡವೆ ನಾಯಿಗಳಿಗೆಲ್ಲಿ? ಹಗ್ಗ ಹರಿದುಕೊಂಡು ಅವೂ ನುಗ್ಗಿದವು. ನಾಯಿಗಳ ಹಿಂದೆ ಮಂದಿ, ಮಂದಿಯ ಹಿಂದೆ ಜಟ್ಟೆಪ್ಪ, ಜಟ್ಟೆಪ್ಪನ ಹಿಂದೆ ನಾನು. ಹಂದಿಗಳು ತಿಂದು ಬಿಟ್ಟದ್ದನ್ನು ನಮ್ಮ ಶಿಕಾರಿ ತುಳಿದು ಪೂರೈಸಿತು. ಬೇಟೆಯಲ್ಲಿ ಸಿಕ್ಕಿದ್ದು ಬಸಣ್ಣನ ಅಂಗಾಲಿಗೆ ಒಂದು ಜಾಲಿಮುಳ್ಳು.

ಬೆಳಿಗ್ಗೆ ಬಸಣ್ಣ ಕುಂಟುತ್ತ ಅತ್ತೆಗೆ ಎಲ್ಲವನ್ನೂ ಹೇಳಿದ, ಎರಡೂ ದನಿಗಳ ಸಮೇತ. ಅವಳು ಬೈಯಲಿಲ್ಲ. ಹೊಲಕ್ಕಿಳಿದಳು. ಬಿದ್ದ ದಂಟನ್ನು ಎತ್ತಿ ನಿಲ್ಲಿಸುವಳು. ಅದು ಮತ್ತೆ ಬೀಳುವುದು. ಕಡೆಗೆ ಬಗ್ಗಿ, ಮಣ್ಣಾದ ತೆನೆಗಳನ್ನು ಮುರಿದು ಸೆರಗಿಗೆ ಹಾಕಿಕೊಳ್ಳತೊಡಗಿದಳು. ನಾನೂ ಹಿಂದೆ ಹಿಂದೆ ಆರಿಸಿದೆ. ಹಾಲುಗಾಳು ನೆಲಕ್ಕೆ ಬಿದ್ದ ಮೇಲೆ ಬಲಿಯುವುದಿಲ್ಲ. ಗಿರಣಿಯೂರಿನ ನನಗೂ ಅಷ್ಟು ಗೊತ್ತಿತ್ತು. ರೊಟ್ಟಿಯಾಗಬೇಕಿದ್ದದ್ದು ಉಗುರು ತಾಗಿದರೆ ಬರೀ ಬಿಳಿ ನೀರಾಗಿ ಸೋರುತ್ತಿತ್ತು.

ತಡೆಯಲಾಗಲಿಲ್ಲ. "ಅತ್ತೀ, ತಪ್ಪಾತು ಅತ್ತೀ," ಎಂದು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಗೌರವ್ವ ತೆನೆಯ ಮಣ್ಣು ಝಾಡಿಸಿದಳು. ನನ್ನತ್ತ ತಿರುಗಿಯೂ ನೋಡದೆ ಅಂದಳು:

"ಹಂದಿ ತನ್ನ ದನೀಲೇ ಬಂದು, ತನ್ನ ದನೀಲೇ ತಿಂದು ಹೋತು. ನೀ ಈಗ ಯಾರ ದನೀಲೆ ಅಳಾಕತ್ತೀದಿ, ಅದನ್ನ ಮೊದಲ ಹೇಳು."