ಧಣಿ ನೋಡಲು ಹೋದ ನನ್ನಣ್ಣ

ಹುಡುಗಿ ನೋಡಲು ಹೋಗುವ ಗಂಡಸರನ್ನು ನೀವು ಕಂಡಿದ್ದೀರಿ. ಎತ್ತು ನೋಡಲು, ಗದ್ದೆ ನೋಡಲು ಹೋಗುವವರನ್ನೂ ಕಂಡಿದ್ದೀರಿ. ಬಿಳಿ ಅಂಗಿಗೆ ಇಸ್ತ್ರಿ ಹಾಕಿ, ತಲೆಗೆ ಎಣ್ಣೆ ಹಚ್ಚಿ, ಧಣಿ ನೋಡಲು ಹೋಗುವವನನ್ನು ಕಂಡಿದ್ದೀರಾ? ಕಂಡಿರಲಿಕ್ಕಿಲ್ಲ. ಅಂಥವನು ಇಡೀ ಕೊಡಗಿಗೆ ಒಬ್ಬನೇ ಇದ್ದ. ಅವನು ಬೇರೆಲ್ಲೂ ಜಾಗ ಸಿಗದೆ ನನ್ನ ಅಣ್ಣನಾಗಿ ಹುಟ್ಟಿದ್ದ!

ಆಗಷ್ಟೇ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತ್ತು. ಇನ್ನು ನಮ್ಮ ಗತಿಯೇನು ಎಂದು ಊರಿನ ಹಿರಿಯರು ಜಗಲಿಯಲ್ಲಿ ಕೂತು ಚಿಂತಿಸುತ್ತಿದ್ದರೆ, ಕಾಡಿನ ಮರಗಳು ಯಾರನ್ನೂ ಕೇಳದೆ ಲಾರಿ ಹತ್ತಿ ಘಾಟಿ ಇಳಿಯುತ್ತಿದ್ದವು. ಮರದ ಲಾರಿಯೆಂದರೆ ಬದಿಗೆ ಹಲಗೆಯಿಲ್ಲ, ಹಿಂದೆ ಬಾಗಿಲಿಲ್ಲ, ಬರೀ ಬಯಲು. ಅದರ ಮೇಲೆ ದಿಮ್ಮಿ, ದಿಮ್ಮಿಯ ಮೇಲೆ ದಿಮ್ಮಿ, ಎಲ್ಲಕ್ಕೂ ಸೇರಿ ಒಂದು ಚೈನು. ದಿಮ್ಮಿಗೂ ಡ್ರೈವರನ ಕುತ್ತಿಗೆಗೂ ನಡುವೆ ಒಂದು ತೆಳ್ಳಗಿನ ಹಲಗೆ. ಬ್ರೇಕು ಒತ್ತಿದರೆ ಲಾರಿ ನಿಲ್ಲುತ್ತದೆ. ಚೈನು ಹಳತಾಗಿದ್ದರೆ ದಿಮ್ಮಿ ನಿಲ್ಲುವುದಿಲ್ಲ.

ನಮ್ಮ ದೊಡ್ಡಣ್ಣ ಸತ್ತದ್ದು ಹಾಗೆ, ಸಂಪಾಜೆ ಘಾಟಿಯ ಒಂದು ತಿರುವಿನಲ್ಲಿ. ಚೈನು ಬದಲಿಸಿ ಎಂದು ಧಣಿಗೆ ಹೇಳಿದ್ದನಂತೆ. "ಈ ಲೋಡು ಮುಗೀಲಿ" ಅಂದಿದ್ದನಂತೆ ಧಣಿ. ಲೋಡು ಮುಗಿಯಲಿಲ್ಲ, ಅಣ್ಣ ಮುಗಿದ. ಹೆಣವನ್ನು ಮನೆಗೆ ತಂದದ್ದೂ ಅದೇ ಧಣಿಯ ಇನ್ನೊಂದು ಲಾರಿಯಲ್ಲಿ, ಹೊಸ ಚೈನಿನಲ್ಲಿ ಬಿಗಿದು! ಸಾವಿಗೆ ಬಂದ ಧಣಿ ಅಂಗಳದಲ್ಲಿ ನಿಂತು ಪಕ್ಕದವರನ್ನು ಮೆಲ್ಲಗೆ ಕೇಳಿದ್ದು ನನ್ನ ಕಿವಿಗೇ ಬಿತ್ತು: "ಮರಕ್ಕೇನೂ ಆಗಿಲ್ಲ ತಾನೆ?" ನಗಬೇಡಿ. ಅಥವಾ ನಗಿ. ನಾವೂ ಆಮೇಲೆ ಅದನ್ನು ಹೇಳಿಕೊಂಡು ನಕ್ಕವರೇ, ಬೇರೇನು ಮಾಡುವುದು?

ನಮ್ಮ ಕಡೆ ಸುದ್ದಿ ಹೇಳುವ ಕೆಲಸ ಕೋವಿಯದು. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಜೋಡಿ ಗುಂಡು. ಒಂದರ ಬೆನ್ನಿಗೆ ಇನ್ನೊಂದು ಕೇಳಿತೆಂದರೆ ಗದ್ದೆಯಲ್ಲಿದ್ದವರು ಕೈಕಾಲು ತೊಳೆದು ಆ ದಿಕ್ಕಿಗೆ ನಡೆಯುತ್ತಾರೆ. ತೀರಿಹೋದ ಅಪ್ಪನ ಕೋವಿಯಿಂದಲೇ ದೊಡ್ಡಣ್ಣನಿಗೆ ಜೋಡಿ ಗುಂಡು ಹಾರಿತು. ಆಮೇಲೆ ಅವ್ವ ಆ ಕೋವಿಗೆ ಗೋಣಿ ಸುತ್ತಿ ಒಳಮೂಲೆಗೆ ತಳ್ಳಿ, ಇನ್ನು ಇದರ ಸದ್ದು ನನ್ನ ಕಿವಿಗೆ ಬೀಳಬಾರದು ಅಂದಳು.

ಉಳಿದವನು ಈ ಅಣ್ಣ. ದೊಡ್ಡಣ್ಣನ ಲಾರಿಯಲ್ಲೇ ಕ್ಲೀನರಾಗಿದ್ದವನು, ಅಂದು ಜ್ವರ ಬಂದು ಮಲಗಿದ್ದರಿಂದ ಬದುಕಿದ್ದ. ಗದ್ದೆಗೆ ಕಳಿಸಿದರೆ ಎತ್ತಿಗೂ ಗಿಯರ್ ಹುಡುಕುವ ಜಾತಿ! ಡ್ರೈವಿಂಗ್ ಲೈಸೆನ್ಸ್ ಹಿಡಿದು ಅವ್ವನ ಮುಂದೆ ನಿಂತ.

"ಒಬ್ಬನ್ನ ಲಾರಿಗೆ ಕೊಟ್ಟಾಯ್ತು. ಕೊಡ್ಲಿಕ್ಕೆ ನನ್ನ ಹತ್ರ ಇನ್ನೊಬ್ಬ ಇಲ್ಲೆ" ಅಂದಳು ಅವ್ವ.

"ಕೊಂದದ್ದು ಲಾರಿ ಅಲ್ಲ ಅವ್ವಾ, ಧಣಿ. ನಾನು ಧಣಿಯನ್ನ ನೋಡಿ ಸೇರ್ತೇನೆ."

"ಎಂತ ನೋಡ್ತೀಯ? ಎತ್ತಿನ ಹಾಗೆ ಹಲ್ಲು ಎಣಿಸ್ತೀಯಾ?"

"ಲೋಡು ಹಾಕಿ ಪಕ್ಕದಲ್ಲಿ ಕೂರಿಸ್ತೇನೆ. ಘಾಟಿ ಇಳಿಯೋ ತನಕ ದಿಮ್ಮಿ ಅವನ ಕುತ್ತಿಗೆಯ ಹಿಂದೆಯೂ ಇರ್ಲಿ."

"ಅಂಥವ ಸಿಕ್ಕಿದ್ರೆ ಮನೆಗೆ ಕರ್ಕೊಂಡು ಬಾ. ನಾನೂ ನೋಡ್ಬೇಕು" ಅಂದಳು ಅವ್ವ.

ಹೀಗೆ ಶುರುವಾಯಿತು ಧಣಿ ಪರೀಕ್ಷೆ. ಅದೇ ವರ್ಷ ನನಗೂ ಗಂಡು ಹುಡುಕುತ್ತಿದ್ದರು. ನನ್ನನ್ನು ನೋಡಲು ಬಂದ ಗಂಡುಗಳಿಗಿಂತ ಅವನು ನೋಡಲು ಹೋದ ಧಣಿಗಳೇ ಹೆಚ್ಚು ಎಂದು ಇಂದಿಗೂ ನನಗೆ ಹೊಟ್ಟೆಕಿಚ್ಚು.

ಮೊದಲನೆಯವರು ಮಡಿಕೇರಿಯ ದೊಡ್ಡ ಸಾಹುಕಾರರು. ಕಾಫಿ ತರಿಸಿದರು, ಬೆನ್ನು ತಟ್ಟಿದರು. ಪಕ್ಕದಲ್ಲಿ ಕೂರಬೇಕು ಎಂದ ಕೂಡಲೇ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದರು. "ಎಂತ ಮಾರಾಯಾ, ನಂಗೆ ಹೆಂಡ್ತಿ ಮಕ್ಳು ಇಲ್ವಾ?"

"ನಂಗೂ ಆಗ್ಬೇಕೂಂತ ಉಂಟು ಸಾವ್ಕಾರ್ರೇ" ಎಂದು ಅಣ್ಣ ಕಾಫಿ ಮುಗಿಸದೆ ಎದ್ದು ಬಂದ.

ಎರಡನೆಯವರು ಚೆಟ್ಟಳ್ಳಿಯ ಕಡೆಯ ಎಸ್ಟೇಟ್ ದೊರೆ. ಮಹಾ ಉದಾರಿ. "ಅದಕ್ಕೇನು, ನಮ್ಮ ರೈಟರ್ ಕೂರ್ತಾರೆ" ಎಂದುಬಿಟ್ಟರು. ಎಸ್ಟೇಟಿನ ಲೆಕ್ಕ ಬರೆಯುವ ಆ ಬಡಪಾಯಿ ರೈಟರ್, ಕುಲದೇವರಿಂದ ಹಿಡಿದು ಅಕ್ಕಪಕ್ಕದ ಊರಿನ ದೇವರುಗಳವರೆಗೆ ಎಲ್ಲರನ್ನೂ ಕರೆಯುತ್ತ ಲಾರಿ ಹತ್ತಿದರಂತೆ. ಅಣ್ಣ ಎಸ್ಟೇಟಿನ ಗೇಟಿನ ಹತ್ತಿರವೇ ಲಾರಿ ನಿಲ್ಲಿಸಿದ. "ಇಳೀರಿ ರೈಟ್ರೇ. ನಿಮ್ಮ ಅವ್ವನೂ ಅನ್ನ ಇಟ್ಕೊಂಡು ಕಾಯ್ತಿರ್ತಾರೆ." ಕೀಲಿಯನ್ನು ಅವರ ಕೈಗೇ ಕೊಟ್ಟು ನಡೆದು ಮನೆಗೆ ಬಂದ.

ಮೂರನೆಯವನು ಬಾಳೆಲೆ ಎಂಬ ಊರಿನವನು. "ಪಕ್ಕದಲ್ಲೇನು, ದಿಮ್ಮಿ ಮೇಲೇ ಕೂರ್ತೇನೆ!" ಎಂದು ತೊಡೆ ತಟ್ಟಿದ. ಹಾಡುಹಗಲಲ್ಲೇ ಹೊಟ್ಟೆ ತುಂಬ ಸಾರಾಯಿ. ಹತ್ತಿ ಕೂತು, ಅಣ್ಣನ ಹೆಗಲಿಗೆ ತಲೆಯಿಟ್ಟು ಗೊರಕೆ ಹೊಡೆದ. ಅವನ ಕೆಲಸವೂ ಬೇಡವೆಂದು ಬಂದಾಗ ನನಗೇ ಸಿಟ್ಟು ಬಂತು.

"ಹೆದರಲಿಲ್ವಲ್ಲ ಪಾಪ, ಸೇರಬಹುದಿತ್ತು!"

"ಹೆದರಬೇಕು ಮಾರಾಯ್ತಿ. ಹೆದರದವ ಚೈನು ನೋಡೋದಿಲ್ಲ" ಅಂದ.

ಊರಿನವರಿಗೆ ಕೈಗೊಂದು ಆಟಿಕೆ ಸಿಕ್ಕಂತಾಯಿತು. ಎದುರು ಸಿಕ್ಕವರೆಲ್ಲ "ಜಾತಕ ಕೂಡಿ ಬಂತಾ?" ಎಂದು ಕೇಳುವವರೇ. ಅಣ್ಣ ಗಂಭೀರವಾಗಿ "ಇಲ್ಲ, ಧಣಿಗೆ ಮೃತ್ಯುಭಯ ಸಾಲದು" ಎನ್ನುತ್ತಿದ್ದ. ಅವ್ವ ಮಾತ್ರ ನಗುತ್ತಿರಲಿಲ್ಲ. ಒಬ್ಬೊಬ್ಬ ಧಣಿ ಬೇಡವಾದಾಗಲೂ ಅವಳು ಆ ದಿನ ಎರಡು ತುತ್ತು ಹೆಚ್ಚು ಉಣ್ಣುವುದನ್ನು ನಾನು ಗಮನಿಸಿದ್ದೆ.

ಕೊನೆಗೆ ಸಿಕ್ಕಿದವರು ನಾಪೋಕ್ಲಿನ ಒಬ್ಬ ಮಾಪಿಳ್ಳೆ ವ್ಯಾಪಾರಿ, ಮಲಯಾಳ ಮಾತಾಡುವ ಸಾಬರು. ಎಲ್ಲರಿಗೂ ಕಾಕ. ಒಣಕಲು ಮೈ, ಬಿಳಿ ಗಡ್ಡ, ಯುದ್ಧಕಾಲದ ಒಂದೇ ಒಂದು ಮುದಿ ಲಾರಿ. ಅಣ್ಣನ ಷರತ್ತು ಕೇಳಿ ಕಾಕ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಚಪ್ಪಲಿ ಬಿಟ್ಟು, ಲೋಡು ಹೇರಿ ನಿಂತಿದ್ದ ತಮ್ಮದೇ ಲಾರಿಯ ಅಡಿಗೆ ನುಸುಳಿದರು. ಗಡ್ಡದ ತುಂಬ ತುಕ್ಕು ಮಾಡಿಕೊಂಡು ಹೊರಬಂದರು.

"ಈ ಚೈನ್‌ನಲ್ಲಿ ನಾನು ಕೂರುದಿಲ್ಲ. ನೀನೂ ಕೂರ್ಬೇಡ, ಮೋನೇ" ಅಂದರು, ಸ್ವಂತ ಮಗನನ್ನು ಕರೆಯುವ ಹಾಗೆ.

ಮೇಲಿನ ದಿಮ್ಮಿಗಳನ್ನು ಇಳಿಸಿದರು, ಬೇರೆ ಚೈನು ತರಿಸಿ ಬಿಗಿಸಿದರು. ಆಮೇಲೆ ಹತ್ತಿ ಕೂತರು. ದಾರಿಯುದ್ದಕ್ಕೂ ಮುಂದಿನ ಕಂಬಿ ಹಿಡಿದು ಗಡಗಡ ನಡುಗುತ್ತ, ತುಟಿಯಲ್ಲೇ ಪ್ರಾರ್ಥನೆ ಮಾಡುತ್ತಿದ್ದರಂತೆ. ನನ್ನಣ್ಣನಿಗೆ ಹಿಗ್ಗೋ ಹಿಗ್ಗು! "ಎಷ್ಟು ಚೆಂದ ಹೆದರ್ತಾರೆ ಗೊತ್ತುಂಟಾ!" ಎಂದು ಆಮೇಲೆ ನನಗೆ ವರ್ಣಿಸಿದ.

ದೊಡ್ಡಣ್ಣ ಸತ್ತ ಆ ತಿರುವು ಬಂತು. ಅಣ್ಣನ ಕಾಲು ಬ್ರೇಕಿನ ಮೇಲೆ ನಡುಗತೊಡಗಿತು. ಕಾಕ ಅದನ್ನು ನೋಡಿದರು. "ನಿಲ್ಸು, ಚೈನ್ ನೋಡುವ" ಅಂದರು. ಚೈನು ಬಿಗಿಯಾಗಿಯೇ ಇತ್ತು. ಅಣ್ಣ ರಸ್ತೆಯ ಬದಿಯಲ್ಲಿ ಕೂತು ಅತ್ತ. ಕಾಕ ಅವನ ಕಡೆ ತಿರುಗದೆ, ಅವನು ಅತ್ತು ಮುಗಿಸುವವರೆಗೂ ಚೈನನ್ನೇ ನೋಡುತ್ತ ನಿಂತಿದ್ದರಂತೆ.

ಮರುದಿನ ಮಧ್ಯಾಹ್ನ ಅಂಗಳದಲ್ಲಿ ನಾನು ಕಾಫಿ ಹರವುತ್ತಿದ್ದೆ. ಅಣ್ಣ ಲೋಡಿನ ಜೊತೆ ಹೋದಾಗಿನಿಂದ ಅವ್ವನ ಗಂಟಲಲ್ಲಿ ತುತ್ತು ಇಳಿದಿರಲಿಲ್ಲ. ಆಗ ಕೆಳಗಿನ ಏರಿನಿಂದ ಕೇಳಿತು: ಢಂ! ಅದರ ಬೆನ್ನಿಗೇ, ಢಂ!

ಅವ್ವ "ಹೋದ" ಅಂದಳು. ಅಷ್ಟೇ. ಅಲ್ಲೇ ಕಾಫಿಯ ಮೇಲೆ ಕುಸಿದು ಕೂತಳು.

ಜನ ಬರತೊಡಗಿದರು. ಯಾರು ಗುಂಡು ಹಾರಿಸಿದ್ದು ಎಂದು ಯಾರೂ ಕೇಳಲಿಲ್ಲ. ಇನ್ಯಾರೋ ಹಾರಿಸಿದ್ದಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು. ದೊಡ್ಡಪ್ಪ ಯಾವ ಯಾವ ಊರಿಗೆ ಸುದ್ದಿ ಮುಟ್ಟಿಸಬೇಕೆಂದು ಆಳು ಗೊತ್ತುಮಾಡುತ್ತಿದ್ದರು. ಪಕ್ಕದ ಮನೆಯವನಂತೂ ಕೊಡಲಿ ಹಿಡಿದೇ ಬಂದು, "ಯಾವ ಮಾವು ಕಡಿಯೋದು?" ಎಂದು ನನ್ನ ಕಿವಿಯಲ್ಲಿ ಕೇಳಿದ. ನಮ್ಮವರ ಶಿಸ್ತೇ ಶಿಸ್ತು! ಹೆಣ ಬರುವ ಮೊದಲೇ ಸೌದೆ ತಯಾರು.

ಅಷ್ಟರಲ್ಲಿ ಕೆಮ್ಮುತ್ತ, ಉಗುಳುತ್ತ ಆ ಮುದಿ ಲಾರಿ ಅಂಗಳದ ತುದಿಗೆ ಬಂದು ನಿಂತಿತು. ಬಿಳಿ ಅಂಗಿಯ ಅಣ್ಣ ಇಳಿದ. ಜನ ನೋಡಿದ, ಕೊಡಲಿ ನೋಡಿದ. ತಲೆಗೆ ಸುತ್ತಿದ್ದ ಟವಲು ಬಿಚ್ಚಿ, ಮುಖ ಸಪ್ಪೆ ಮಾಡಿಕೊಂಡು, ದೊಡ್ಡಪ್ಪನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಯಾರು ಹೋದದ್ದು?"

"ನೀನು!" ಅಂದರು ದೊಡ್ಡಪ್ಪ.

ಕಾಕ ಕೈಮುಗಿದು ನಿಂತರು. "ಸೈಲೆನ್ಸರ್ ಹಳೇದು, ತಪ್ಪಾಯ್ತು. ಏರು ಹತ್ತುವಾಗ ಹೀಗೆ ಢಂ ಅಂತದೆ." ಕೊಡಲಿಯವನಿಗೆ ಮಾತ್ರ ವಿಪರೀತ ಸಿಟ್ಟು, ಒಕ್ಕಣೆ ಅರ್ಧಕ್ಕೆ ಬಿಟ್ಟು ಬಂದಿದ್ದನಂತೆ.

ಅವ್ವ ಎದ್ದಳು. ಅಣ್ಣನನ್ನು ಮುಟ್ಟಲೂ ಇಲ್ಲ. ನೇರ ಲಾರಿಯ ಹತ್ತಿರ ಹೋಗಿ ಚೈನು ಹಿಡಿದು ಜಗ್ಗಿದಳು, ಕೊಂಡಿ ಕೊಂಡಿಯೂ ಮುಟ್ಟಿ ನೋಡಿದಳು. ಆಮೇಲೆ ಕಾಕನ ಕಡೆ ತಿರುಗಿದಳು.

"ನೀವು ಕೂತಿದ್ರಾ?"

"ಕೂತಿದ್ದೆ ಅಮ್ಮಾ. ತುಂಬ ಹೆದ್ರಿದ್ದೆ."

ಅವ್ವ ಒಳಗೆ ಹೋದಳು. ಗೋಣಿ ಬಿಚ್ಚಿದ ಕೋವಿ ಹಿಡಿದು ಹೊರಗೆ ಬಂದಾಗ ಜನ ನಾಲ್ಕು ಹೆಜ್ಜೆ ಹಿಂದೆ ಸರಿದರು. ಕಾಕ ಲಾರಿಯ ಮರೆಗೆ ಹೋದರು. ಅವ್ವ ಕೋವಿಯನ್ನು ಅಣ್ಣನ ಕೈಗಿಟ್ಟಳು.

"ಎರಡು ಕೇಳಿದವ್ರು ಎಲ್ಲೆಲ್ಲಿಂದಲೋ ಬರ್ತಿರ್ತಾರೆ. ಒಂದು ಹೊಡಿ."

"ಅವ್ವಾ, ಒಂದು ಅಂದ್ರೆ..."

"ನಂಗೆ ಗೊತ್ತುಂಟು. ಹೊಡಿ."

ಅಣ್ಣ ಆಕಾಶಕ್ಕೆ ಗುರಿಯಿಟ್ಟು ಒಂದು ಗುಂಡು ಹಾರಿಸಿದ. ಕೆಳಗಿನ ಗದ್ದೆಯ ಬದುವಿನ ಮೇಲೆ ಸಾವಿಗೆಂದು ಬೇಗ ಬೇಗ ಬರುತ್ತಿದ್ದವರು ಥಟ್ಟನೆ ನಿಂತದ್ದು ನಮಗೆ ಕಾಣುತ್ತಿತ್ತು. ಅವರು ಎರಡನೆಯದಕ್ಕೆ ಕಿವಿಗೊಟ್ಟು ಕಾದರು. ಅವ್ವ ಆಗಲೇ ಅಣ್ಣನ ಕೈಯಿಂದ ಕೋವಿ ಕಿತ್ತುಕೊಂಡು, ಅಷ್ಟು ದೊಡ್ಡ ಗಂಡಸಿನ ತಲೆಯನ್ನು ಬಗ್ಗಿಸಿ ಎದೆಗೆ ಒತ್ತಿಕೊಂಡಿದ್ದಳು.